ಹಲಗೆಯ ನಡುವಿನ ನೀಲಿ

ಶೆಡ್ಡನ್ನು ಬಾಡಿಗೆಗೆ ಕೊಡುವ ಮಾತನ್ನು ಮಗ ಎತ್ತಿದ್ದು ಊಟಕ್ಕೆ ಕೂತಾಗ, ತಟ್ಟೆಗೆ ಅನ್ನ ಬಿದ್ದ ಮೇಲೆ. ಅನ್ನದ ಮುಂದಿನಿಂದ ಅಪ್ಪ ಎದ್ದು ಹೋಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

"ಬೀದಿ ಕಡೆಗೇ ಬಾಗಿಲಿದೆ. ಮೊಬೈಲ್ ರಿಪೇರಿಯವನು ಆಗಲೇ ಎರಡು ಸಲ ಕೇಳಿದ. ಸುಮ್ಮನೆ ಬೀಗ ಹಾಕಿಟ್ಟು ಏನು ಮಾಡ್ತೀರಿ ಅಪ್ಪ?"

"ಬೀಗ ಎಲ್ಲಿ ಹಾಕಿದೀನಿ? ದಿನಾ ಬೆಳಗ್ಗೆ ತೆಗೀತೀನಲ್ಲ."

"ತೆಗೆದು ಒಳಗೆ ಕೂತು ಪೇಪರ್ ಓದ್ತೀರಿ."

ಅದು ನಿಜವೇ. ಮೇಸ್ತ್ರಿ ಅಂತಲೇ ಬೀದಿಯವರೆಲ್ಲ ಕರೆಯುತ್ತಿದ್ದ ಆ ಬಡಗಿ, ಆ ಬೀದಿಯ ಅರ್ಧ ಬಾಗಿಲುಗಳನ್ನು ತನ್ನ ಕೈಯಿಂದಲೇ ಮಾಡಿದವರು. ಈಗ ಆ ಕೈ ನಡುಗುತ್ತಿತ್ತು. ಉಳಿ ಹಿಡಿದರೆ ಉಳಿಯೇ ಕುಣಿಯುತ್ತಿತ್ತು. ಮನೆ ಅಂದರೆ ಒಂದು ಕೋಣೆ, ಒಂದು ಹಜಾರ, ಅಡುಗೆಮನೆ, ಮುಂದಕ್ಕೆ ಚಾಚಿಕೊಂಡ ತಗಡಿನ ಶೆಡ್ಡು. ಕೋಣೆ ಮಗನಿಗೂ ಸೊಸೆಗೂ. ಹಜಾರದಲ್ಲಿ ಮೇಸ್ತ್ರಿ, ಅವರ ಹೆಂಡತಿ, ಮಗಳು. ಸೊಸೆಗೆ ಈಗ ಐದು ತಿಂಗಳು. ಮಗ ಪಾರ್ಸೆಲ್ ವ್ಯಾನು ಓಡಿಸುತ್ತಿದ್ದ. ಬರುವ ಮಗುವಿಗೆ ಏನೇನು ಬೇಕು ಅಂತ ಈಗಿನಿಂದಲೇ ನಿದ್ದೆಗೆಟ್ಟಿದ್ದ.

"ಶೆಡ್ಡು ನನಗೆ ಬೇಕು," ಅಂದಳು ಮಗಳು.

ಎಲ್ಲರೂ ಅವಳ ಕಡೆ ನೋಡಿದರು. ಪುಟ್ಟಿ ಅಂತ ಕರೆದದ್ದು ತೊಟ್ಟಿಲಲ್ಲಿ; ಕೂದಲಲ್ಲಿ ಬಿಳಿ ಎಳೆ ಕಂಡರೂ ಆ ಹೆಸರು ಬೆಳೆಯಲಿಲ್ಲ. ಮದುವೆ ಬೇಡ ಅಂದವಳು. ಫೋಟೋ ಸ್ಟುಡಿಯೋದಲ್ಲಿ ಚೌಕಟ್ಟು ಹಾಕುತ್ತ, ಅಂಚು ಕತ್ತರಿಸುತ್ತ ಇದ್ದಳು. ಜನ ಫೋಟೋಗಳನ್ನು ಫೋನಿನಲ್ಲೇ ಇಟ್ಟುಕೊಳ್ಳತೊಡಗಿದ ಮೇಲೆ ಸ್ಟುಡಿಯೋ ಮುಚ್ಚಿತು.

"ನಿನಗೆ ಯಾಕಕ್ಕ ಶೆಡ್ಡು?"

"ರೆಸಿನ್ ಕೆಲಸ ಮಾಡ್ತೀನಿ. ಹೂವನ್ನ ಗಾಜಿನ ಒಳಗೆ ಇಟ್ಟ ಹಾಗೆ ಇರುತ್ತಲ್ಲ, ಅದು. ಸ್ಟುಡಿಯೋಗೆ ಬರೋರು ಎಷ್ಟು ಜನ ಕೇಳ್ತಿದ್ರು ಗೊತ್ತಾ?"

"ಅದನ್ನ ಯಾರು ಕಲಿಸ್ತಾರೆ?"

"ನೋಡಿ ಕಲಿತೀನಿ."

ಮಗ ನಕ್ಕ. ಮೇಸ್ತ್ರಿ ನಗಲಿಲ್ಲ. "ಮಾಡಲಿ ಬಿಡು," ಅಂದರು. ಶೆಡ್ಡು ಉಳಿಯುವುದಾದರೆ ಅವರು ಗಾಜಲ್ಲ, ಗಾಳಿ ಮಾರುವುದಕ್ಕೂ ಒಪ್ಪುತ್ತಿದ್ದರು.

ಸಾಮಾನು ಒಂದು ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಒಂದು ಬಾಟಲಿಯಲ್ಲಿ ರೆಸಿನ್ ಅನ್ನುವ ಅಂಟುದ್ರವ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್, ರಬ್ಬರಿನಂಥ ಮೆತ್ತನೆಯ ಅಚ್ಚುಗಳು, ಚಿಟಿಕೆ ಚಿಟಿಕೆ ಬಣ್ಣದ ಪುಡಿ. ಎರಡು ಪಾಲು ರೆಸಿನ್ನಿಗೆ ಒಂದು ಪಾಲು ಹಾರ್ಡನರ್ ಸೇರಿಸಿ, ಗುಳ್ಳೆ ಏಳದ ಹಾಗೆ ಕಲಕಿ, ಅಚ್ಚಿಗೆ ಸುರಿದರೆ ಮರುದಿನ ಗಟ್ಟಿ. ಹೇಳುವುದಕ್ಕೆ ಇಷ್ಟೇ. ಮೊದಲ ದಿನ ಪುಟ್ಟಿ ಅವಸರದಲ್ಲಿ ಕಲಕಿದಳು. ಲೋಟದ ಕೆಳಗಿಡುವ ಬಿಲ್ಲೆಗಳು ಸೋಡಾದ ಹಾಗೆ ಗುಳ್ಳೆಗಟ್ಟಿ ಕೂತವು. ಸಾಲದ್ದಕ್ಕೆ ಒಂದು ಕಡೆ ದಪ್ಪ, ಒಂದು ಕಡೆ ತೆಳು.

ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತಳು. "ಅಕ್ಕಿ ಅಳೆಯೋ ಲೋಟ ಎಲ್ಲಿ?"

ಲೋಟ ಮೇಜಿನ ಮೇಲೇ ಇತ್ತು, ಅಂಟಂಟಾಗಿ.

"ಊಟದ ಪಾತ್ರೆಯಲ್ಲಿ ಈ ಎಣ್ಣೆ ಅಳೀತೀಯಲ್ಲ, ನಿನ್ನ ತಲೆ ಎಲ್ಲಿದೆ? ಒಬ್ಬಳು ಬಸುರಿ ಇರೋ ಮನೆ ಇದು."

"ಬೇರೆ ತಂದ್ಕೊಡ್ತೀನಿ ಅಮ್ಮ."

"ತಂದ್ಕೊಡೋಳು. ಯಾವ ದುಡ್ಡಲ್ಲಿ ತರ್ತೀಯ?"

ಮೂಲೆಯಲ್ಲಿ ಪೇಪರ್ ಹಿಡಿದು ಕೂತಿದ್ದ ಮೇಸ್ತ್ರಿ ಎದ್ದು ಬಂದು ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದರು. ಆಮೇಲೆ ಗೋಡೆಗೆ ನೇತುಹಾಕಿದ್ದ ರಸಮಟ್ಟ ತಂದು ಮೇಜಿನ ಮೇಲಿಟ್ಟರು. ಕೊಳವೆಯೊಳಗಿನ ಗುಳ್ಳೆ ಒಂದು ಬದಿಗೆ ಓಡಿತು.

"ನಿನ್ನ ಕೆಲಸ ಸರಿಯಾಗೇ ಇದೆ. ಮೇಜು ಓರೆ," ಅಂದರು. "ಈ ಮೇಜು ಯಾವ ದಡ್ಡ ಮಾಡಿದ್ದು?"

"ನೀವೇ ಅಪ್ಪ."

"ಹಾಗಾದರೆ ನೆಲ ಓರೆ."

ಕಾಲಿಗೆ ಚಕ್ಕೆ ಕೊಟ್ಟು ಮೇಜನ್ನು ಮಟ್ಟ ಮಾಡಿದರು. ಆ ದಿನದಿಂದ ಪೇಪರ್ ಓದುವುದು ಮಧ್ಯಾಹ್ನಕ್ಕೆ ಹೋಯಿತು.

ಮುಂದಿನ ಕೆಲವು ವಾರ ಆ ಮನೆಯಲ್ಲಿ ಒಂದು ಥರದ ಗೆಲುವಿತ್ತು. ಹೂವನ್ನು ಪುಸ್ತಕದ ನಡುವೆ ಒತ್ತಿ ಪೂರ್ತಿ ಒಣಗಿಸಿದ ಮೇಲೆಯೇ ಇಡಬೇಕು, ಇಲ್ಲದಿದ್ದರೆ ಒಳಗೇ ಕಪ್ಪಾಗುತ್ತದೆ ಅಂತ ಪುಟ್ಟಿಗೆ ತಿಳಿಯಿತು. ಒಂದೇ ಸಲ ದಪ್ಪಗೆ ಸುರಿದರೆ ಬಿಸಿಯೇರಿ ಬಿರುಕು ಬಿಡುತ್ತದೆ, ಪದರ ಪದರವಾಗಿ ಸುರಿಯಬೇಕು ಅಂತ ತಿಳಿಯಿತು. ಮೇಸ್ತ್ರಿ ಮರದ ಚೂರುಗಳಿಂದ ಟ್ರೇ ಮಾಡಿಕೊಟ್ಟರು. ನಡುಗುವ ಕೈ ಗೀರಿದ ಕಡೆ ಪುಟ್ಟಿ ಬಣ್ಣದ ರೆಸಿನ್ ತುಂಬಿದಳು, ಗೀರೇ ಚಂದವಾಯಿತು. ಕಲಕುವ ಕೆಲಸವನ್ನು ಅವರು ತಾವೇ ವಹಿಸಿಕೊಂಡರು.

"ಇದಕ್ಕೆ ನಡುಗೋ ಕೈಯೇ ಒಳ್ಳೇದು. ತಾನೇ ಕಲಕುತ್ತೆ," ಅನ್ನುತ್ತಿದ್ದರು. ಹೆಂಡತಿಗೆ ಎರಡು ಬಾಟಲಿ ತೋರಿಸಿ, "ನೋಡು, ಇವು ನಮ್ಮ ಹಾಗೆ. ಬೇರೆ ಬೇರೆ ಇದ್ದರೆ ವರ್ಷಗಟ್ಟಲೆ ತಣ್ಣಗಿರ್ತವೆ. ಸೇರಿಸಿದರೆ ಬಿಸಿ ಏರುತ್ತೆ," ಅಂದರು.

"ಅವು ಮರುದಿನಕ್ಕಾದರೂ ಗಟ್ಟಿಯಾಗ್ತವೆ. ನೀವು ಇನ್ನೂ ಆಗಿಲ್ಲ," ಅಂದಳು ಹೆಂಡತಿ.

ಉಡುಗೊರೆ ಅಂಗಡಿಯವಳೊಬ್ಬಳು ಟ್ರೇಗಳನ್ನು ಕಿಟಕಿಯಲ್ಲಿಟ್ಟಳು. ಇಟ್ಟವೆಲ್ಲ ಮಾರಿಹೋದವು. ಪುಟ್ಟಿ ಮನೆಗೆ ಎಣ್ಣೆ, ಬೇಳೆ ತಂದಳು. ಅಮ್ಮನಿಗೆ ಹೊಸ ಅಳತೆ ಲೋಟ ತಂದಳು. ತಮ್ಮ ಶೆಡ್ಡಿನ ಮಾತೆತ್ತಲಿಲ್ಲ.

ಎತ್ತಿದ್ದು ವಾಸನೆಯ ಮಾತು. ಸೊಸೆ ಬೆಳಗ್ಗೆ ಎದ್ದರೆ ವಾಂತಿ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ತಟ್ಟೆ ಮುಂದೆ ಕೂತರೂ ಅದೇ ವಾಸನೆ ಬರುತ್ತೆ," ಅಂದಳು. ಅವಳು ಜಗಳದವಳಲ್ಲ. ಅದಕ್ಕೇ ಪುಟ್ಟಿಗೆ ಹೆಚ್ಚು ನಾಟಿತು. ಮನೆಯ ಕಡೆಯ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಳು. ಬೀದಿಯ ಕಡೆ ತೆಗೆದರೆ ಧೂಳು ಬಂದು ಹಸಿ ರೆಸಿನ್ನಿನ ಮೇಲೆ ಕೂರುತ್ತಿತ್ತು, ಅದನ್ನೂ ಮುಚ್ಚಿದಳು. ಆ ಮುಚ್ಚಿದ ತಗಡಿನೊಳಗೆ ಇಡೀ ದಿನ ಇರುತ್ತಿದ್ದಳು. ಕೈಗವಸು ಹಾಕುತ್ತಿದ್ದಳು, ಆದರೆ ಸೂಜಿಯಿಂದ ಗುಳ್ಳೆ ಒಡೆಯುವಾಗ, ಹೂವಿನ ಎಸಳು ಸರಿಪಡಿಸುವಾಗ ಬಿಚ್ಚಿಡುತ್ತಿದ್ದಳು. ಬೆರಳಿಗೆ ಅಂಟಿದ್ದನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದಳು.

ಆ ಹೊತ್ತಿಗೆ ಕಾಫಿ ಅಂಗಡಿಯವನು ಬಂದ. ಮುಖ್ಯರಸ್ತೆಯಲ್ಲಿ ಹೊಸದಾಗಿ ತೆರೆಯುವವನಿದ್ದ. ಉಡುಗೊರೆ ಅಂಗಡಿಯ ಕಿಟಕಿಯಲ್ಲಿ ಟ್ರೇ ನೋಡಿ ವಿಳಾಸ ಕೇಳಿಕೊಂಡು ಬಂದಿದ್ದ. ಎಂಟು ಜನ ಕೂರುವ ಒಂದು ಉದ್ದನೆಯ ಮೇಜು, ನಡುವೆ ನೀಲಿ ಹೊಳೆ ಹರಿದ ಹಾಗೆ. ಮುಂಗಡ ಅಲ್ಲೇ ಕೊಟ್ಟ.

ಅವನು ಹೋದ ಮೇಲೆ ಮೇಸ್ತ್ರಿ ಶೆಡ್ಡಿನ ಹಿಂದಕ್ಕೆ ಹೋಗಿ, ಗೋಡೆಗೆ ಒರಗಿಸಿ ತಗಡು ಮುಚ್ಚಿಟ್ಟಿದ್ದ ದಪ್ಪ ಹಲಗೆಯನ್ನು ತಟ್ಟಿದರು. ಎಷ್ಟೋ ಜನ ಕೇಳಿದರೂ ಕೊಡದೆ ಇಟ್ಟುಕೊಂಡಿದ್ದ ಹಲಗೆ ಅದು. ಉದ್ದಕ್ಕೂ ಸೀಳು ಬಂದಿತ್ತು, ಅಂಚು ಇನ್ನೂ ಮರದ ಬಾಗಿನಲ್ಲೇ ಇತ್ತು.

"ಇದು ನಿಮ್ಮದು ಅಪ್ಪ. ಏನೋ ಮಾಡಬೇಕು ಅಂತ ಇಟ್ಟಿದ್ದಿರಿ."

"ಏನು ಅಂತ ನನಗೇ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು."

ರಜದ ದಿನ ಮಗನೂ ಕೈಹಾಕಿದ. ಹಲಗೆಯನ್ನು ಸೀಳಿ, ಎರಡು ಹೋಳನ್ನು ಎದುರುಬದುರು ಮಲಗಿಸಿ, ನಡುವೆ ಜಾಗ ಬಿಟ್ಟು, ಸುತ್ತ ಚೌಕಟ್ಟು ಕಟ್ಟಿದರು. ಪುಟ್ಟಿ ದಪ್ಪಗೆ ಸುರಿಯುವುದಕ್ಕೇ ಅಂತ ಬರುವ ಬೇರೆ ಜಾತಿಯ ರೆಸಿನ್ ತರಿಸಿದಳು. ಎರಡು ದೊಡ್ಡ ಡಬ್ಬ. ಮುಂಗಡ ಅದಕ್ಕೇ ಹೋಯಿತು.

ಡಬ್ಬ ಬಂದ ಮರುದಿನ ಬೆಳಗ್ಗೆ ಪುಟ್ಟಿ ಏಳಲು ನೋಡಿದರೆ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ಬೆರಳ ಸಂದಿಗಳಲ್ಲಿ ಕೆಲವು ದಿನದಿಂದ ಇದ್ದ ತುರಿಕೆ ಈಗ ನೀರುಗುಳ್ಳೆಯಾಗಿ ಮಣಿಕಟ್ಟಿನವರೆಗೆ ಹತ್ತಿತ್ತು. ಅಮ್ಮ ಕೈಹಿಡಿದು ಚರ್ಮದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಏನು ಕೆಲಸ ಅಂತ ಕೇಳಿದರು. ಕೇಳಿ ಪೆನ್ನು ಕೆಳಗಿಟ್ಟರು.

"ಈಗ ಬಂದಿರೋದು ವಾಸಿಯಾಗುತ್ತೆ. ಆದರೆ ನಿಮ್ಮ ಮೈ ಆ ವಸ್ತುವನ್ನ ಗುರುತು ಹಿಡಿದುಬಿಟ್ಟಿದೆ. ಇನ್ನು ಮೇಲೆ ಒಂದು ಹನಿ ತಾಗಿದರೂ ಬರುತ್ತೆ. ಹತ್ತಿರ ಹೋದರೂ ಬರಬಹುದು."

"ಎಷ್ಟು ದಿನ ಬಿಟ್ಟು ಮತ್ತೆ ಶುರು ಮಾಡಬಹುದು ಡಾಕ್ಟ್ರೇ?"

"ಶುರು ಮಾಡೋ ಹಾಗೇ ಇಲ್ಲಮ್ಮ. ಇದು ಹೋಗೋ ಅಂಥದ್ದಲ್ಲ."

ಆ ದಿನದ ಊಟಕ್ಕೆ ಬೇಳೆ, ಅನ್ನ, ಬೇಯಿಸಿದ ಮೊಟ್ಟೆ. ಪುಟ್ಟಿಯ ಕೈಗೆ ಬಟ್ಟೆ ಸುತ್ತಿತ್ತು, ಚಮಚದಲ್ಲಿ ತಿಂದಳು.

"ಇದೊಂದು ಮೇಜು ಮುಗಿಸಿ ಬಿಡ್ತೀನಿ," ಅಂದಳು. "ಎರಡೆರಡು ಕೈಗವಸು ಹಾಕ್ಕೊಂಡು, ಮುಖಕ್ಕೆ ಕಟ್ಟಿಕೊಂಡು..."

"ಸಾಕು," ಅಂದಳು ಅಮ್ಮ. "ಕನ್ನಡಿ ನೋಡ್ಕೊಂಡಿದ್ದೀಯಾ?"

"ಮುಂಗಡ ವಾಪಸ್ ಕೊಟ್ಟುಬಿಡು ಅಕ್ಕ," ಅಂದ ತಮ್ಮ.

"ಅದು ಡಬ್ಬದಲ್ಲಿದೆ."

"ಡಬ್ಬ ವಾಪಸ್ ಮಾಡು."

"ಮುಚ್ಚಳ ತೆಗೆದಾಯ್ತು. ತಗೊಳ್ಳಲ್ಲ."

ಮಗ ತಟ್ಟೆ ನೂಕಿದ. "ಅವತ್ತೇ ಶೆಡ್ಡು ಕೊಟ್ಟಿದ್ದರೆ ಇದೆಲ್ಲ ಇರುತ್ತಿತ್ತಾ? ಎಲ್ಲರೂ ಸೇರಿ ಆಟ ಆಡಿದಿರಿ."

ಮೇಸ್ತ್ರಿ ಮೊಟ್ಟೆಯನ್ನು ಸೀಳಿ ಅರ್ಧ ಪುಟ್ಟಿಯ ತಟ್ಟೆಗೆ ಹಾಕಿದರು.

ಮರುವಾರ ಪುಟ್ಟಿ ಮತ್ತೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ಸೊಸೆಗೂ ಅದೇ ಆಸ್ಪತ್ರೆಯಲ್ಲಿ ಆ ದಿನವೇ ತಪಾಸಣೆ. ಇಬ್ಬರೂ ಜೊತೆಯಾಗಿ ಹೊರಟರು. ಮಗ ವ್ಯಾನು ಓಡಿಸಲು ಹೋಗಿದ್ದ. ಮನೆಯಲ್ಲಿ ಉಳಿದದ್ದು ಮುದುಕರಿಬ್ಬರೇ.

ಹೆಂಡತಿ ಪಾತ್ರೆ ತೊಳೆದು ಬಂದಾಗ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ನಿಂತು ಕೈಗವಸು ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ನಡುಗುವ ಬೆರಳು ಸರಿಯಾದ ತೂತಿಗೆ ಹೋಗುತ್ತಿರಲಿಲ್ಲ.

"ಏನ್ರೀ ಇದು?"

"ಸುರಿದುಬಿಡೋಣ ಅಂತ."

"ನಿಮ್ಮಿಂದ ಆಗುತ್ತಾ?"

"ಕಲಕೋನು ನಾನೇ ತಾನೆ ಇಷ್ಟು ದಿನ. ಡಬ್ಬ ಎತ್ತೋಕೆ ಒಬ್ಬರು ಬೇಕು ಅಷ್ಟೆ."

ಇಷ್ಟು ತಿಂಗಳಲ್ಲಿ ಆ ಕೆಲಸಕ್ಕೆ ಅವಳು ಬೆರಳು ತಾಗಿಸಿದವಳಲ್ಲ. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಕೈ ಹಿಡಿದು ಮಗುವಿಗೆ ತೊಡಿಸಿದ ಹಾಗೆ ಒಂದೊಂದೇ ಬೆರಳು ಕೂರಿಸಿದಳು. ತಾನೂ ಒಂದು ಜೊತೆ ಹಾಕಿಕೊಂಡಳು.

ಬಕೆಟ್ಟಿಗೆ ಅವಳು ಸುರಿದಳು, ಅವರು ಗೆರೆ ನೋಡಿ ಹೇಳಿದರು. ಎರಡಕ್ಕೆ ಒಂದು. ಎಷ್ಟೋ ಸಲ ಪುಟ್ಟಿಯ ಬಾಯಲ್ಲಿ ಕೇಳಿದ್ದ ಅಳತೆ. ನೀಲಿ ಪುಡಿ ಹಾಕಿ ಸರದಿಯ ಮೇಲೆ ಕಲಕಿದರು. "ಅಂಚಿನದು ಬಿಡ್ತಿದ್ದೀರಿ, ಅಂಚು ಕೆರೀರಿ," ಅಂತ ಅವಳು, "ಪಾಯಸ ಅಲ್ಲ ಅದು, ನಿಧಾನ," ಅಂತ ಅವರು. ಇಬ್ಬರೂ ಬಕೆಟ್ ಹಿಡಿದು ಒಂದು ತುದಿಯಿಂದ ಸುರಿಯುತ್ತ ಹೋದರು. ಎರಡು ಮರದ ಹೋಳುಗಳ ನಡುವೆ ನೀಲಿ ಮೆಲ್ಲನೆ ಹರಡಿ, ಅಂಚಿನ ಒಂದೊಂದು ಬಾಗನ್ನೂ ಹುಡುಕಿ ತುಂಬಿತು. ಇಬ್ಬರೂ ಏದುಸಿರು ಬಿಡುತ್ತ ಮರದ ತುಂಡುಗಳ ಮೇಲೆ ಕೂತರು.

"ಚೆನ್ನಾಗಿದೆ ಅಲ್ವೇನೇ?"

"ಹ್ಞೂಂ," ಅಂದಳು. "ನೀವು ನಮ್ಮ ಮಂಚ ಮಾಡಿದಾಗಲೂ ಇಷ್ಟು ಚೆನ್ನಾಗಿರಲಿಲ್ಲ."

ಪುಟ್ಟಿ ಬಂದಾಗ ಅಮ್ಮ ಬಾಗಿಲಿಗೇ ಬಂದು ಕೈಹಿಡಿದಳು. "ಒಳಗೆ ಬರಬೇಡ. ಕಿಟಕಿಯಿಂದ ನೋಡು."

ಪುಟ್ಟಿ ಕಿಟಕಿಯಿಂದ ನೋಡಿದಳು. ನೀಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಅಪ್ಪ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು, ಹಾಗೆ ನಿಂತದ್ದನ್ನು ಅವಳು ನೋಡಿ ಎಷ್ಟೋ ಕಾಲವಾಗಿತ್ತು.

"ಯಾವ ಅಳತೆ ಹಾಕಿದಿರಿ ಅಪ್ಪ?"

"ನೀನೇ ಹೇಳ್ತಿದ್ದೆಯಲ್ಲ. ಎರಡಕ್ಕೆ ಒಂದು. ಗೆರೆ ತಪ್ಪಿಲ್ಲ, ನಿಮ್ಮಮ್ಮನ್ನ ಕೇಳು."

ಈ ಡಬ್ಬದ್ದು ಮೂರಕ್ಕೆ ಒಂದು. ಅದು ಡಬ್ಬದ ಬೆನ್ನಿಗೆ ಸಣ್ಣ ಅಕ್ಷರದಲ್ಲಿತ್ತು. ಸುರಿಯುವುದು ತಾನೇ ಅಲ್ಲವೇ ಅಂದುಕೊಂಡು ಪುಟ್ಟಿ ಅದನ್ನು ಯಾರಿಗೂ ಹೇಳಿರಲಿಲ್ಲ.

"ಯಾಕೆ, ಏನಾದರೂ ಹೆಚ್ಚುಕಮ್ಮಿ ಆಯ್ತಾ?" ಅಂದಳು ಅಮ್ಮ. ಕೆನ್ನೆಯ ಮೇಲೆ ಒಂದು ನೀಲಿ ಗೆರೆ ಹತ್ತಿತ್ತು ಅವಳಿಗೆ.

"ಇಲ್ಲಮ್ಮ. ಚೆನ್ನಾಗಿದೆ," ಅಂದಳು ಪುಟ್ಟಿ.

ಮರುದಿನ ಮೇಸ್ತ್ರಿ ಮುಟ್ಟಿ ನೋಡಿದರು. ಮೆತ್ತಗಿತ್ತು. "ದಪ್ಪ ಇದೆಯಲ್ಲ, ಹೊತ್ತು ಹಿಡಿಯುತ್ತೆ." ಅದರ ಮರುದಿನವೂ ಮೆತ್ತಗಿತ್ತು. "ಚಳಿ," ಅಂದರು. ಅಮ್ಮ ಹಜಾರದ ದೊಡ್ಡ ಬಲ್ಬನ್ನು ಶೆಡ್ಡಿಗೆ ತಂದು ಮೇಜಿನ ಮೇಲೆ ತೂಗುಹಾಕಿದಳು. ಹಜಾರದಲ್ಲಿ ಎಲ್ಲರೂ ಮಬ್ಬಿನಲ್ಲೇ ಉಂಡರು. ದಿನಾ ಬೆಳಗ್ಗೆ ಶೆಡ್ಡಿನಿಂದ ಬಂದು ಮೇಸ್ತ್ರಿ ಮಗಳ ಮುಖ ನೋಡುತ್ತಿದ್ದರು. "ಕಾಯಬೇಕು ಅಪ್ಪ," ಅನ್ನುತ್ತಿದ್ದಳು ಅವಳು.

ವಾರ ಕಳೆಯಿತು. ಕಾಫಿ ಅಂಗಡಿಯವನ ಫೋನು ಎರಡು ಸಲ ಬಂತು. ಭಾನುವಾರ ಮಗ ಶೆಡ್ಡಿಗೆ ಹೋಗಿ ನೀಲಿಯ ಮೇಲೆ ಹೆಬ್ಬೆರಳೊತ್ತಿದ. ಬೆರಳು ಇಳಿಯಿತು, ಎಳೆದರೆ ಅಂಟು ದಾರದಂತೆ ಎದ್ದು ಬಂತು. ಖಾಲಿ ಡಬ್ಬವನ್ನು ತಿರುಗಿಸಿ ಓದಿದ. ಅದನ್ನು ಹಿಡಿದುಕೊಂಡೇ ಒಳಗೆ ಬಂದ.

"ಅಪ್ಪ, ಎಷ್ಟಕ್ಕೆ ಎಷ್ಟು ಹಾಕಿದಿರಿ?"

"ಎರಡಕ್ಕೆ ಒಂದು."

"ಇಲ್ಲಿ ಮೂರಕ್ಕೆ ಒಂದು ಅಂತಿದೆ. ಓದಲಿಲ್ವಾ?"

ಮೇಸ್ತ್ರಿ ಕನ್ನಡಕಕ್ಕೆ ಕೈಹಾಕಿದರು, ಆದರೆ ಡಬ್ಬ ತೆಗೆದುಕೊಳ್ಳಲಿಲ್ಲ. "ಪುಟ್ಟಿ ಎರಡಕ್ಕೆ ಒಂದು ಅಂತಿದ್ದಳು."

"ಹೌದು. ನಾನೇ ಹೇಳಿದ್ದು," ಅಂದಳು ಪುಟ್ಟಿ. "ಇದು ಬೇರೆ ಅಂತ ಹೇಳಲಿಲ್ಲ. ತಪ್ಪು ನನ್ನದು."

"ಇನ್ನೆಷ್ಟು ದಿನ ಕಾದರೆ ಗಟ್ಟಿಯಾಗುತ್ತೆ?" ಅಂತ ಅಮ್ಮ ಕೇಳಿದಳು.

"ಇನ್ನು ಆಗಲ್ಲಮ್ಮ," ಅಂದ ಮಗ. ಅವನ ದನಿಯಲ್ಲೂ ಸಿಟ್ಟು ಉಳಿದಿರಲಿಲ್ಲ. "ಯಾವತ್ತೂ ಆಗಲ್ಲ."

ಮೇಸ್ತ್ರಿ ಹಲಗೆಯನ್ನಾದರೂ ಉಳಿಸಿಕೊಳ್ಳೋಣ ಅಂತ ಕೆರೆಯಲು ಕೂತರು. ಅಂಟು ಮರದ ಎಳೆಯೊಳಗೆ ಇಳಿದು, ಸೀಳಿನ ಆಳದವರೆಗೆ ಹೋಗಿತ್ತು. ಉಜ್ಜುಗೊರಡು ಎರಡು ಸಲ ಎಳೆಯುವಷ್ಟರಲ್ಲಿ ಕಟ್ಟಿಕೊಳ್ಳುತ್ತಿತ್ತು. ಮಗ ವ್ಯಾನಿನಲ್ಲಿ ಹಾಕಿಕೊಂಡು ಸಾಮಿಲ್ಲಿಗೆ ಒಯ್ದ. ಮಿಲ್ಲಿನವನು ಮುಟ್ಟಿ ನೋಡಿ, ನಮ್ಮ ಗರಗಸ ಹಾಳಾಗುತ್ತೆ ಅಂದ. ಇಳಿಸಿದ್ದ ಹಾಗೆಯೇ ಮತ್ತೆ ಏರಿಸಿಕೊಂಡು ಬಂದ. ಹಿತ್ತಲಲ್ಲಿ ಒರಗಿಸಿದ ಹಲಗೆಗೆ ಎಲೆ, ನೊಣ, ಧೂಳು ಅಂಟಿ ನೀಲಿ ಕಾಣದಾಯಿತು.

ಕಾಫಿ ಅಂಗಡಿಯವನು ಬೇರೆ ಕಡೆ ಮೇಜು ಕೊಂಡ. ಮುಂಗಡಕ್ಕೆ ಅವನು ಗಲಾಟೆ ಮಾಡಲಿಲ್ಲ. ಮೇಸ್ತ್ರಿಯ ದೊಡ್ಡ ಗರಗಸದ ಯಂತ್ರ ಮಾರಿ ಮಗ ತೀರಿಸಿದ. ಉಳಿದ ಹತಾರಗಳನ್ನು ಮೂಟೆ ಕಟ್ಟಿ ಮಂಚದ ಕೆಳಗೆ ನೂಕಿದರು. ಶೆಡ್ಡು ಮೊಬೈಲ್ ರಿಪೇರಿಯವನಿಗೆ ಹೋಯಿತು.

ಅವನು ಒಳ್ಳೆಯವನೇ. ಗಿರಾಕಿ ನೋಡಿಕೊಳ್ಳಲು ಒಬ್ಬರು ಬೇಕು, ಅಕ್ಕ ಮನೆಯ ಬಾಗಿಲಲ್ಲೇ ಇದ್ದಾರೆ ಅಂತ ಪುಟ್ಟಿಯನ್ನು ಕೇಳಿದ. ಅವಳು ಒಗೆದ ಬಟ್ಟೆ ಉಟ್ಟು ಕೌಂಟರಿಗೆ ಹೋಗಿ ಕೂತಳು. ನೆಲ, ಗೋಡೆ ಎಲ್ಲ ಅವನು ಉಜ್ಜಿಸಿದ್ದ. ಆದರೂ ಆ ತಗಡಿನ ಸಂದಿಯಲ್ಲೆಲ್ಲೋ ಹಳೆಯ ಪುಡಿ ಉಳಿದಿತ್ತೋ, ಅವನು ಗಾಜು ಅಂಟಿಸುವ ಅಂಟೇ ತಾಗಿತೋ, ಮೂರನೆಯ ದಿನ ಮತ್ತೆ ರೆಪ್ಪೆ ಊದಿತು. ಅವಳು ಯಾಕೆ ಬರಲಿಲ್ಲ ಅಂತ ಅವನೂ ಕೇಳಲಿಲ್ಲ. ಬೇರೆ ಹುಡುಗಿಯನ್ನು ಇಟ್ಟುಕೊಂಡ.

ಈಗ ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಪುಟ್ಟಿಗೆ ಬೇಡ ಅಂದಿದ್ದರು ಡಾಕ್ಟರಮ್ಮ. ಸೊಸೆಗೆ ದಿನ ತುಂಬುತ್ತಿತ್ತು. ಎಲ್ಲ ಕೆಲಸವೂ ಅಮ್ಮನದೇ. ಕೆಲಸ ಮುಗಿಸಿ ಬಂದು, ಮಗಳ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಲಾಮು ಹಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಹಾಗೆ ಹಚ್ಚುತ್ತ ಕೇಳಿದಳು.

"ಅವತ್ತು ಕಿಟಕಿಯಿಂದ ನೋಡಿದೆಯಲ್ಲ. ಆಗಲೇ ಗೊತ್ತಾಯ್ತಾ ನಿನಗೆ?"

ಪುಟ್ಟಿ ಕೈ ಎಳೆದುಕೊಳ್ಳಲಿಲ್ಲ. "ಗೊತ್ತಾಯ್ತು."

"ಆಗಲೇ ಹೇಳಿದ್ದರೆ?"

"ಹಸಿ ಇತ್ತು. ಬಳಿದು ತೆಗೆದಿದ್ದರೆ ಹಲಗೆ ಉಳೀತಿತ್ತು."

"ಮತ್ತೆ?"

"ಅಪ್ಪ ಅಷ್ಟು ಚೆನ್ನಾಗಿ ನಿಂತಿದ್ದರು. ನೀನೂ... ಇನ್ನೊಂದು ದಿನ ಇರಲಿ ಅಂದ್ಕೊಂಡೆ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

ಅಮ್ಮ ಬೆರಳ ಸಂದಿಗೆ ಮುಲಾಮು ಹಚ್ಚುವುದನ್ನು ನಿಲ್ಲಿಸಲಿಲ್ಲ. ಒಂದು ಕೈ ಮುಗಿಸಿ ಇನ್ನೊಂದನ್ನು ತೆಗೆದುಕೊಂಡಳು.

"ಇಷ್ಟು ವರ್ಷ ಜೊತೆಗಿದ್ದೂ ನಿಮ್ಮಪ್ಪನೂ ನಾನೂ ಸೇರಿ ಮಾಡಿದ್ದು ಅದೊಂದೇ ಕೆಲಸ," ಅಂದಳು.

ಹೊರಗೆ ಜಗುಲಿಯ ಮೇಲೆ ಮೇಸ್ತ್ರಿ ಕೂತಿದ್ದರು. ಯಾರೋ ಮುರಿದ ಕುರ್ಚಿಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ಬಡಗಿ ಮೇಸ್ತ್ರಿ ಇಲ್ಲೇ ತಾನೆ ಇರೋದು ಅಂತ ಕೇಳುತ್ತಿದ್ದ.

"ಇದು ಮೊಬೈಲ್ ಅಂಗಡಿ ಕಣಪ್ಪ," ಅಂದರು ಮೇಸ್ತ್ರಿ. "ಮುಂದೆ ಎಲ್ಲಾದರೂ ವಿಚಾರಿಸು."

ಸೈಕಲ್ಲು ಹೋದ ಸದ್ದು ಕೇಳಿಸಿತು. ಅಮ್ಮ ಮುಲಾಮಿನ ಮುಚ್ಚಳ ತಿರುಗಿಸಿ, ಮಗಳ ಕೈಗೆ ಮತ್ತೆ ಬಟ್ಟೆ ಸುತ್ತಿ, ಎದ್ದು ಒಲೆ ಹಚ್ಚಲು ಹೋದಳು.